ಕಲ್ಲು ಯಾಕ ಜಾರ್ತದ?

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಆಡಿದ ಮಾತು. ಸ್ಮರಣ ಸಂಚಿಕೆಗೆಂದು ಬರೆದುಕೊಟ್ಟದ್ದು.)





ಸಂಘದವರು ನನ್ನ ಮನೆಗೆ ಬಂದು, “ಅಣ್ಣಾ, ನೀವು ಕಾಲೇಜಿನಾಗ ಫಿಸಿಕ್ಸ್ ಕಲಸ್ತೀರಿ, ಈ ಸಲ ವಿಜ್ಞಾನದ ಮ್ಯಾಲೆ ಒಂದು ಭಾಷಣ ಮಾಡ್ರಿ” ಅಂದರು. ಯಾವ ವಿಷಯ ಅಂತ ಕೇಳಿದೆ. “ನಿಮಗ ಬೇಕಾದ್ದು” ಅಂದರು. ನಾನು ಕಲ್ಲನ್ನು ಆರಿಸಿಕೊಂಡೆ. ಕಾರಣ ಸರಳ. ತಾಂಡೂರಿನ ಹೆಸರು ದೇಶಕ್ಕೆಲ್ಲ ಗೊತ್ತಿರೋದು ಎರಡರಿಂದ: ಒಂದು ತೊಗರಿ, ಇನ್ನೊಂದು ಕಲ್ಲು. ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಪೇಪರಿನಲ್ಲಿ ಬಂತು, ಎಲ್ಲರೂ ಖುಷಿಪಟ್ಟೆವು. ಕಲ್ಲಿನ ಬಗ್ಗೆ ನಾವು ಅಷ್ಟು ಮಾತಾಡೋದಿಲ್ಲ. ಈ ಸಭೆಯಲ್ಲಿ ಕೂತವರ ಪೈಕಿ ಅರ್ಧ ಜನರ ಮನೆಯಲ್ಲಿ ಒಬ್ಬರಾದರೂ ಖಣಿಗೋ ಪಾಲಿಶ್ ಮಷೀನಿಗೋ ಹೋಗಿದ್ದಾರೆ. ಆದರೂ ಕಲ್ಲು ಯಾಕೆ ಜಾರ್ತದ, ಯಾವಾಗ ಜಾರ್ತದ ಅನ್ನೋದನ್ನು ನಮಗೆ ಯಾರೂ ಕೂಡಿಸಿ ಹೇಳಿಲ್ಲ.

ನನ್ನ ಕಾಕಾನ ಸುದ್ದಿಯಿಂದ ಶುರು ಮಾಡ್ತೀನಿ. ನಮ್ಮಪ್ಪನ ತಮ್ಮ. ಪರಸಿ ಕಲ್ಲಿನ ಖಣಿಯಲ್ಲಿ ಹದಿನೈದು ವರ್ಷ ದುಡಿದವ. ಹಾರಿಯಿಂದ ಕಲ್ಲಿಗೆ ಕುಟ್ಟಿ, ಕಿವಿಗೊಟ್ಟು ಕೇಳಿ, “ಇದು ಗಟ್ಟಿ ಅದ, ಇದು ಬಿಟ್ಟದ” ಅಂತ ಹೇಳ್ತಿದ್ದ. ಗಟ್ಟಿ ಇದ್ದರೆ ಕಣಕಣ ಸಪ್ಪಳ, ಪದರ ಬಿಟ್ಟಿದ್ದರೆ ಮಣ್ಣಿನ ಗಡಿಗೆ ಬಡಿದಂಗೆ ಬೊಳ್ಳ ಸಪ್ಪಳ. ಒಂದು ಮಳೆಗಾಲದಲ್ಲಿ, ರಾತ್ರಿ ಪೂರ್ತಿ ಮಳೆ ಬಿದ್ದ ಮರುದಿನ, ಖಣಿಯ ಒಂದು ಮಗ್ಗುಲಿಗೆ ಕುಟ್ಟಿ ನೋಡಿ, “ಈ ಕಡಿ ಬ್ಯಾಡ, ಕೆಳಗ ಹಸಿ ಕರಿ ಪದರ ಅದ” ಅಂದಿದ್ದನಂತೆ. ಅಲ್ಲಿ ಕಲ್ಲು ಸ್ವಲ್ಪ ವಾಲಿತ್ತು. ಮೇಸ್ತ್ರಿ, “ನಿನ್ನೆ ನಿಂತಿತ್ತು, ಇವತ್ತು ನಿಲ್ಲಂಗಿಲ್ಲೇನು?” ಅಂದ. ಮಧ್ಯಾಹ್ನದ ರೊಟ್ಟಿಗೆ ಮುಂಚೆ ಆ ಬಂಡೆ ಜಾರಿ ಬಂತು. ಕಾಕಾ ಕೆಳಗಿದ್ದ.

ಮಾಲೀಕ ಮನೆಗೆ ಬಂದು, “ಅವನ ಹಣೆಬರಹ” ಅಂದ. ಹಾಜರಿ ಪುಸ್ತಕದಲ್ಲಿ ಕಾಕಾನ ಹೆಸರು ಇರಲಿಲ್ಲ. ಕೈಯಲ್ಲಿ ಒಂದಿಷ್ಟು ರೊಕ್ಕ ಇಟ್ಟು ಹೋದ. ನಮ್ಮ ಮನೆಯವರೂ ಹಣೆಬರಹ ಅಂತಲೇ ನಂಬಿದರು. ನಾನು ಆಗ ಹತ್ತನೇ ಕ್ಲಾಸು. “ನಿನ್ನೆ ನಿಂತಿದ್ದ ಕಲ್ಲು ಇವತ್ತು ಯಾಕ ಜಾರಿತು?” ಅನ್ನೋ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಉತ್ತರ.

ಮೊದಲು ಬೀಸುಕಲ್ಲು ನೆನಪಿಸಿಕೊಳ್ರಿ. ಹಿರಿಯ ತಾಯಂದಿರಿಗೆ ಗೊತ್ತದ. ನಿಂತ ಬೀಸುಕಲ್ಲನ್ನು ಎಳೆಯಲಿಕ್ಕೆ ಮೊದಲ ಜಗ್ಗು ಭಾರ, ಒಮ್ಮೆ ತಿರುಗಲಿಕ್ಕೆ ಹತ್ತಿದರೆ ಹಗುರ. ಒಂದು ಮೈ ಇನ್ನೊಂದು ಮೈಯನ್ನು ಹಿಡಿದುಕೊಳ್ಳುವ ಈ ಗುಣಕ್ಕೆ ಘರ್ಷಣೆ ಅಂತಾರೆ. ನಿಂತಾಗ ಹೆಚ್ಚು, ಹೊರಟ ಮೇಲೆ ಕಡಿಮೆ. ಕಲ್ಲು ಸವೆದು ನುಣ್ಣಗಾದರೆ ಹಿಟ್ಟು ಬರೋದಿಲ್ಲ, ಆಗ “ಕಲ್ಲು ಕಟಿಯೋಣೇನ್ರೀ” ಅಂತ ಕೂಗುತ್ತ ಬರುವ ಅಕ್ಕನನ್ನು ಕರೆದು ಮತ್ತೆ ತರಿ ಹಾಕಿಸ್ತಿದ್ದೆವು. ಘರ್ಷಣೆ ಅಂದರೆ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ಹಿಟ್ಟಿಲ್ಲ, ನಡಿಗೆಯಿಲ್ಲ, ಗುಡ್ಡವೂ ನಿಲ್ಲೋದಿಲ್ಲ.

ಇದನ್ನು ಅಳೆಯೋದು ಸುಲಭ. ಒಂದು ಪರಸಿ ತುಂಡಿನ ಮೇಲೆ ಇನ್ನೊಂದು ತುಂಡು ಇಡ್ರಿ. ಕೆಳಗಿನ ತುಂಡನ್ನು ಒಂದು ಕಡೆಯಿಂದ ಮೆಲ್ಲಗೆ ಎತ್ತುತ್ತ ಹೋಗ್ರಿ. ಮೇಲಿನದು ಜಾರಿದ ಕ್ಷಣಕ್ಕೆ ನಿಲ್ಲಿಸಿ, ಎತ್ತರವನ್ನು ಅಡ್ಡ ಅಳತೆಯಿಂದ ಭಾಗಿಸ್ರಿ. ನೂರು ಸೆಂಟಿಮೀಟರ್ ಅಡ್ಡಕ್ಕೆ ಅರವತ್ತು ಸೆಂಟಿಮೀಟರ್ ಎತ್ತರವಾದಾಗ ಜಾರಿದರೆ ಘರ್ಷಣಾಂಕ 0.6. ಇಷ್ಟೇ ಲೆಕ್ಕ. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ಜೇಮ್ಸ್ ಬಯರ್ಲಿ ಎಂಬ ವಿಜ್ಞಾನಿ ಬೇರೆ ಬೇರೆ ಕಲ್ಲುಗಳ ಅಳತೆಗಳನ್ನು ಒಟ್ಟು ಮಾಡಿ 1978ರಲ್ಲಿ ಒಂದು ಮಾತು ಹೇಳಿದರು: ಗ್ರಾನೈಟ್ ಇರಲಿ, ಸುಣ್ಣದಕಲ್ಲು ಇರಲಿ, ಮರಳುಗಲ್ಲು ಇರಲಿ, ಭಾರದಡಿ ಬಹುತೇಕ ಕಲ್ಲುಗಳ ಘರ್ಷಣಾಂಕ 0.6ರಿಂದ 0.85ರ ಒಳಗೇ ಬರ್ತದ. ಜಾತಿ ಬೇರೆ ಆದರೂ ಹಿಡಿತ ಒಂದೇ.

ಆದರೆ ಈ ನಿಯಮ ಮುರಿಯುವವರು ಕೆಲವರಿದ್ದಾರೆ. ಹಸಿ ಜೇಡಿ ಒಬ್ಬ. ಅದರ ಘರ್ಷಣಾಂಕ 0.2, 0.3ಕ್ಕೆ ಇಳೀತದ. ಇನ್ನೊಬ್ಬ ಇಂಗಾಲ, ಅದರಲ್ಲೂ ಗ್ರಾಫೈಟ್ ರೂಪದ ಇಂಗಾಲ. ಅದು 0.1ರ ಆಸುಪಾಸು. ಅಂದರೆ ನೂರು ಸೆಂಟಿಮೀಟರಿಗೆ ಹತ್ತು ಸೆಂಟಿಮೀಟರ್ ಎತ್ತಿದರೂ ಸಾಕು, ಜಾರ್ತದ. ಕಣ್ಣಿಗೆ ಸಮತಟ್ಟು ಅನ್ನಿಸುವ ಇಳಿಜಾರು ಅದು.

ಗ್ರಾಫೈಟ್ ಅಂದರೆ ದೂರದ ವಸ್ತು ಅಲ್ಲ. ಪೆನ್ಸಿಲಿನ ಕಡ್ಡಿ ಅದೇ. ತುಕ್ಕು ಹಿಡಿದ ಬೀಗಕ್ಕೆ ಪೆನ್ಸಿಲ್ ಪುಡಿ ಹಾಕಿ ತೆಗೆದವರು ಇಲ್ಲಿದ್ದೀರಿ. ನಮ್ಮ ಮುತ್ಯಾಗಳು ಬಂಡಿ ಅಚ್ಚಿಗೆ ಕೀಲೆಣ್ಣೆ ಹಾಕ್ತಿದ್ದರಲ್ಲ, ಅದು ಬರೀ ಔಡಲೆಣ್ಣೆ ಅಲ್ಲ, ಸುಟ್ಟ ಹುಲ್ಲಿನ ಕರಿ ಕಲಸಿದ ಎಣ್ಣೆ. ಕರಿ ಅಂದರೆ ಇಂಗಾಲ. ಅದನ್ನು ಯಾವ ಪ್ರಯೋಗಶಾಲೆಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಈಗ ಇದೇ ಮಾತನ್ನು ಭೂಮಿಯ ಒಳಗೆ ತಗೊಂಡು ಹೋಗೋಣ.

ನೆಲದ ಕೆಳಗೆ ಕಲ್ಲು ಒಡೆದು, ಒಂದು ಭಾಗ ಇನ್ನೊಂದರ ಮೇಲೆ ಸರಿದ ಜಾಗಕ್ಕೆ ಸ್ತರಭಂಗ ಅಂತಾರೆ. ಎರಡೂ ಕಡೆಯಿಂದ ಒತ್ತಡ ಬೀಳ್ತಾ ಇರ್ತದ. ಘರ್ಷಣೆ ಹಿಡಿದಿಟ್ಟುಕೊಂಡಿರ್ತದ. ವರ್ಷಗಟ್ಟಲೆ, ನೂರಾರು, ಸಾವಿರಾರು ವರ್ಷ. ಕಲ್ಲು ಬಿಲ್ಲಿನಂತೆ ಬಾಗ್ತಾ ಹೋಗ್ತದ. ಒಂದು ದಿನ ಹಿಡಿತ ಸೋತರೆ ಇಡೀ ಬಾಗು ಒಂದೇ ಸಲಕ್ಕೆ ಬಿಚ್ಚಿಕೊಳ್ತದ. ಅದೇ ಭೂಕಂಪ. ಅಂಟಿಕೊಳ್ಳೋದು, ಜಾರೋದು, ಮತ್ತೆ ಅಂಟಿಕೊಳ್ಳೋದು: ಭೂಕಂಪದ ಮೂಲ ಇದೇ ಎಂದು ಬ್ರೇಸ್ ಮತ್ತು ಬಯರ್ಲಿ 1966ರಲ್ಲಿ ಹೇಳಿದರು. ಸಿಕ್ಕಿಕೊಂಡ ಕಬ್ಬಿಣದ ಬಾಗಿಲು ಕರ್‌ ಕರ್‌ ಅಂತ ತೆರೆದುಕೊಳ್ತದಲ್ಲ, ಅದೇ ರೀತಿ.

1993ರ ಸೆಪ್ಟೆಂಬರ್ 30. ನಸುಕಿನ 3 ಗಂಟೆ 56 ನಿಮಿಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ಅಲುಗಾಡಿತು. ನಮ್ಮಲ್ಲಿಂದ ನೇರ ಗೆರೆ ಎಳೆದರೆ ಅದು ನೂರೈವತ್ತು ಕಿಲೋಮೀಟರಿಗಿಂತ ಕಡಿಮೆ. ಬೀದರ, ಕಲಬುರಗಿ, ಹೈದರಾಬಾದಿನವರೆಗೂ ಜನ ಎದ್ದು ಕೂತರು. ನಮ್ಮ ಮನೆಯ ಮಾಡಿನಲ್ಲಿಟ್ಟ ತಾಟುಗಳು ಗಲಗಲ ಅಂದದ್ದು ನನಗೆ ನೆನಪಿದೆ. ಭೂಕಂಪದ ಪ್ರಮಾಣ 6.2ರಷ್ಟು, ಜಗತ್ತಿನ ಲೆಕ್ಕದಲ್ಲಿ ಅದು ದೊಡ್ಡದೇನಲ್ಲ. ಸತ್ತವರು ಸುಮಾರು ಹತ್ತು ಸಾವಿರ.

ದಖನ್ ನೆಲ ಗಟ್ಟಿ, ಇಲ್ಲಿ ಭೂಕಂಪ ಆಗೋದಿಲ್ಲ ಅಂತ ಆವರೆಗೆ ಎಲ್ಲರೂ ನಂಬಿದ್ದರು. ದೇಶದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆ ತಿದ್ದಿ ಒಂದನೇ ವಲಯ ಅನ್ನೋದನ್ನೇ ತೆಗೆದುಹಾಕಿದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕಿಲ್ಲಾರಿ ನೆಲದ ಆಳವನ್ನು ವಿದ್ಯುತ್ತಿನ ಅಳತೆಯಿಂದ ನೋಡಿದಾಗ, ಭೂಕಂಪ ಹುಟ್ಟಿದ ಜಾಗದ ಕೆಳಗೆ ವಿದ್ಯುತ್ ಸುಲಭವಾಗಿ ಹರಿಯುವ ಪದರ ಕಂಡಿತು. ಅದು ಬಿರುಕುಗಳಲ್ಲಿ ಸಿಕ್ಕಿಕೊಂಡ ನೀರು ಇರಬೇಕು ಅಂತ ಅವರ ತೀರ್ಮಾನ. ಗಟ್ಟಿ ಕಲ್ಲಿನಲ್ಲಿ ವಿದ್ಯುತ್ ಹರಿಯೋದಿಲ್ಲ. ಹರಿದರೆ ಸಾಮಾನ್ಯವಾಗಿ ಅಲ್ಲಿ ನೀರೋ, ಲೋಹದ ಅದಿರೋ, ಗ್ರಾಫೈಟೋ ಇರ್ತದ. ಹಳೇ ಟಾರ್ಚ್ ಸೆಲ್ಲು ಒಡೆದು ನಡುವಿನ ಕರಿ ಕಡ್ಡಿ ತೆಗೆದು ಆಡಿದ ಹುಡುಗರಿಗೆ ಇಂಗಾಲ ಕರೆಂಟು ಒಯ್ಯೋದು ಗೊತ್ತಿರ್ತದ.

ಇದೆಲ್ಲ ಹಳೇ ಮಾತು ಅನ್ನಬೇಡ್ರಿ. 2021ರ ಅಕ್ಟೋಬರದಲ್ಲಿ ಪಕ್ಕದ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ನಡುಗಿತು. ದೊಡ್ಡದರ ಪ್ರಮಾಣ 4ರ ಆಸುಪಾಸು. ನೆಲದೊಳಗಿಂದ ಸಪ್ಪಳ ಕೇಳಿ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಊರು ಬಿಟ್ಟವರೂ ಇದ್ದರು. ನಮ್ಮ ಬೀಗರು ಇರೋ ಊರುಗಳವು.

ಈಗ ಕರಿ ಕಲ್ಲಿನ ಮಾತಿಗೆ ಬರ್ತೀನಿ.

2008ರ ಮೇ 12ರಂದು ಚೀನಾದ ಸಿಚುವಾನ್ ಪ್ರಾಂತ್ಯದ ವೆಂಚುವಾನ್‌ನಲ್ಲಿ 7.9 ಪ್ರಮಾಣದ ಭೂಕಂಪ ಆಯಿತು. ಅರವತ್ತೊಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಹದಿನೆಂಟು ಸಾವಿರದಷ್ಟು ಜನರ ಗುರುತೇ ಸಿಗಲಿಲ್ಲ. ಶಾಲೆಗಳು ಬಿದ್ದು ಮಕ್ಕಳು ಸತ್ತರು. ಆ ವರ್ಷವೇ ವಿಜ್ಞಾನಿಗಳು ಜಾರಿದ ಸ್ತರಭಂಗಕ್ಕೇ ಬೋರು ಕೊರೆಯಲಿಕ್ಕೆ ಹತ್ತಿದರು. ನೆಲ ಆರುವ ಮೊದಲೇ ಒಳಗೆ ಏನಾಗಿದೆ ನೋಡಬೇಕು ಅನ್ನೋದು ಅವರ ಉದ್ದೇಶ. ಸುಮಾರು 590 ಮೀಟರ್ ಆಳದಲ್ಲಿ ಜಾರಿದ ಪದರ ಸಿಕ್ಕಿತು. ಅದು ಕಪ್ಪಗಿತ್ತು. ಬೀಸುಕಲ್ಲಿಗೆ ಹಾಕಿದಂತೆ ಅರೆದು ಹಿಟ್ಟಾದ ಕಲ್ಲು, ಅದರಲ್ಲಿ ಇಂಗಾಲ, ಇಂಗಾಲದಲ್ಲಿ ಗ್ರಾಫೈಟ್. ಬಹಳ ತೆಳು ಪದರ. ಮೇಲೆ ನಿಂತಿರೋದು ಇಡೀ ಪರ್ವತ ಸಾಲು.

ಇಲ್ಲಿ ಒಂದು ಪ್ರಶ್ನೆ ಹುಟ್ಟಿತು. ಗ್ರಾಫೈಟ್ ಮೊದಲೇ ಇದ್ದದ್ದರಿಂದ ಕಲ್ಲು ಜಾರಿತೋ, ಕಲ್ಲು ಜಾರಿದ್ದರಿಂದ ಗ್ರಾಫೈಟ್ ಆಯಿತೋ?

ಇದನ್ನು ತಿಳಿಯಬೇಕಾದರೆ ಇಂಗಾಲದ ಮನೆ ಹೇಗೆ ಕಟ್ಟಿರ್ತದ ನೋಡಬೇಕು. ಜೋಳದ ಖಡಕ್ ರೊಟ್ಟಿ ನೆನಪಿಸಿಕೊಳ್ರಿ. ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟರೆ ಒಂದೊಂದು ರೊಟ್ಟಿಯೂ ಗಟ್ಟಿ, ಆದರೆ ರೊಟ್ಟಿಗೂ ರೊಟ್ಟಿಗೂ ಅಂಟು ಇಲ್ಲ, ಸರ್ರನೆ ಸರೀತಾವ. ಗ್ರಾಫೈಟ್ ಹೀಗೆ. ಅದರ ಒಂದೊಂದು ಹಾಳೆಯೊಳಗೆ ಇಂಗಾಲದ ಕಣಗಳು ಬಿಗಿಯಾಗಿ ಕೈ ಹಿಡಿದಿರ್ತಾವ, ಹಾಳೆ ಹಾಳೆಗಳ ನಡುವೆ ಸಂಬಂಧ ಸಡಿಲ. ಅದೇ ರೊಟ್ಟಿಗಳನ್ನು ಮುರಿದು ಚೀಲಕ್ಕೆ ತುಂಬಿ ಕುಲುಕಿದರೆ? ಚೂರು ಚೂರಿಗೆ ಸಿಕ್ಕಿಕೊಳ್ತದ, ಸರಿಯೋದಿಲ್ಲ. ಇದ್ದಿಲು, ಮಸಿ, ಕಲ್ಲಿದ್ದಲಿನ ಇಂಗಾಲ ಹೀಗೆ, ಅಡ್ಡಾದಿಡ್ಡಿ. ವಸ್ತು ಒಂದೇ, ಜೋಡಣೆ ಬೇರೆ. ಇದೇ ಇಂಗಾಲ ಇನ್ನೊಂದು ಜೋಡಣೆಯಲ್ಲಿ ವಜ್ರ ಆಗ್ತದ.

ಅಡ್ಡಾದಿಡ್ಡಿ ಇಂಗಾಲವನ್ನು ಸಾಲಾಗಿ ಜೋಡಿಸಬೇಕಾದರೆ ಶಾಖ ಬೇಕು. ಕಾರ್ಖಾನೆಯಲ್ಲಿ ಎರಡು ಸಾವಿರ ಡಿಗ್ರಿ ದಾಟಿಸ್ತಾರೆ. ಭೂಮಿಯೊಳಗೆ ಅಷ್ಟು ಬಿಸಿ ಬೇಕಿಲ್ಲ, ಲಕ್ಷಾಂತರ ವರ್ಷ ಟೈಮು ಸಿಗ್ತದ, ಒತ್ತಡ ಇರ್ತದ. ಹಾಗಾಗಿ ಭೂವಿಜ್ಞಾನಿಗಳು ಕಲ್ಲಿನೊಳಗಿನ ಇಂಗಾಲ ಎಷ್ಟು ಸಾಲಾಗಿದೆ ನೋಡಿ, ಆ ಕಲ್ಲು ಹಿಂದೆ ಎಷ್ಟು ಬಿಸಿ ಕಂಡಿತ್ತು ಅಂತ ಹೇಳ್ತಿದ್ದರು. ಇಂಗಾಲ ಅವರಿಗೆ ಥರ್ಮಾಮೀಟರ್ ಇದ್ದ ಹಾಗೆ.

ಈ ಸಾಲು ನೋಡುವ ವಿಧಾನ ಯಾರದು ಗೊತ್ತೇನು? ಸಿ. ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ಕಂಡ ಬೆಳಕಿನ ಗುಣದಿಂದ ಬಂದದ್ದು. ಆ ದಿನವನ್ನೇ ನಾವು ವಿಜ್ಞಾನ ದಿನ ಅಂತ ಶಾಲೆಯಲ್ಲಿ ಮಾಡ್ತೀವಿ. ಕಲ್ಲಿನ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕನ್ನು ಓದ್ತಾರೆ. ಇಂಗಾಲದಿಂದ ಎರಡು ಶಿಖರ ಕಾಣ್ತಾವ. 1580ರ ಬಳಿ ಇರೋದು ಸಾಲಾದ ಹಾಳೆಗಳ ಗುರುತು, 1350ರ ಬಳಿ ಇರೋದು ಅಡ್ಡಾದಿಡ್ಡಿಯ ಗುರುತು. ಎರಡರ ಎತ್ತರ, ಅಗಲ ಹೋಲಿಸಿದರೆ ಒಳಗಿನ ಜೋಡಣೆ ತಿಳೀತದ. ಹುಡುಗರೇ, ಪರೀಕ್ಷೆಗೆಂದು ಉರು ಹೊಡೆಯೋ ‘ರಾಮನ್ ಪರಿಣಾಮ’ ಇಂಥ ಕೆಲಸಕ್ಕೆ ಬರ್ತದ.

ಪ್ರಯೋಗಶಾಲೆಯಲ್ಲಿ ಇಂಗಾಲ ತುಂಬಿದ ಕಲ್ಲಿನ ಹಿಟ್ಟನ್ನು ಎರಡು ಬಿಲ್ಲೆಗಳ ನಡುವೆ ಇಟ್ಟು, ಭಾರ ಹೇರಿ, ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗದಲ್ಲಿ ತಿರುಗಿಸಿದರು. ಭೂಕಂಪದಲ್ಲಿ ಕಲ್ಲು ಜಾರೋದು ಹೆಚ್ಚುಕಡಿಮೆ ಇದೇ ವೇಗಕ್ಕೆ. ಅಂಗೈ ಉಜ್ಜಿದರೆ ಬಿಸಿಯಾಗ್ತದಲ್ಲ, ಅಲ್ಲಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೂರಾರು ಡಿಗ್ರಿ. ಘರ್ಷಣೆ ಕುಸಿದು ಬಿತ್ತು. ಆಮೇಲೆ ರಾಮನ್ ಬೆಳಕಿನಿಂದ ನೋಡಿದರೆ, ಜಾರಿದ ಮೈಯಲ್ಲಿ ಇಂಗಾಲದ ಸಾಲು ಮೊದಲಿಗಿಂತ ನೆಟ್ಟಗಾಗಿತ್ತು. ಲಕ್ಷ ವರ್ಷ ಬೇಕು ಅಂದುಕೊಂಡ ಬದಲಾವಣೆ ಸೆಕೆಂಡುಗಳಲ್ಲಿ ಆಗಿತ್ತು. ನಾವು ಹಲಗೆ ಬಾರಿಸೋ ಮುಂಚೆ ಬೆಂಕಿಗೆ ಹಿಡಿದು ಕಾಯಿಸ್ತೀವಿ. ತೊಗಲು ಅದೇ, ಹೊಲಿಗೆ ಅದೇ, ಆದರೆ ಬೆಂಕಿ ಕಂಡ ಮೇಲೆ ಅದರ ದನಿ ಬೇರೆ. ವ್ಯತ್ಯಾಸ ಒಂದೇ: ಹಲಗೆ ತಣ್ಣಗಾದರೆ ಮತ್ತೆ ಸಡಿಲಾಗ್ತದ, ಇಂಗಾಲ ಹಿಂದಕ್ಕೆ ಬರೋದಿಲ್ಲ. ಆ ಗುರುತು ಕಲ್ಲಿನಲ್ಲಿ ಉಳೀತದ.

ಹಾಗಾದರೆ ಉತ್ತರ ಸಿಕ್ಕಿತಲ್ಲ ಅನ್ನಬಹುದು. ಅಷ್ಟು ಸಲೀಸಿಲ್ಲ. ಮೆಲ್ಲಗೆ ಅರೆದರೆ ಉಲ್ಟಾ ಆಗ್ತದ. ಬಿಸಿ ಇಲ್ಲದೆ ಬರೀ ತಿಕ್ಕಾಟ ಇದ್ದರೆ, ನೆಟ್ಟಗಿದ್ದ ಗ್ರಾಫೈಟ್ ಹಾಳೆಗಳೂ ಹರಿದು ಚೂರಾಗಿ ಅಡ್ಡಾದಿಡ್ಡಿ ಆಗ್ತಾವ. ಜಪಾನಿನ ಅಟೊತ್ಸುಗಾವಾ ಎಂಬ ಸ್ತರಭಂಗದಲ್ಲಿ ಹೀಗೆ ಹರಿದ ಗ್ರಾಫೈಟ್ ಕಂಡಿದ್ದಾರೆ. ಅಲ್ಲಿ ನೀರು ಉಳಿದ ಖನಿಜಗಳನ್ನು ಕರಗಿಸಿ ಒಯ್ದು, ಕರಗದ ಇಂಗಾಲ ಹಿಂದೆ ಉಳಿದು ದಟ್ಟವಾಗಿದೆ. ಅಂದರೆ ಬಿಸಿ ಒಂದು ಕಡೆ ಜಗ್ಗುತ್ತದೆ, ಅರೆತ ಇನ್ನೊಂದು ಕಡೆ ಜಗ್ಗುತ್ತದೆ. ಥರ್ಮಾಮೀಟರನ್ನು ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ವೆಂಚುವಾನಿನ ಕರಿ ಪದರದಲ್ಲಿ ಮೊದಲೇ ಇಂಗಾಲ ಇತ್ತು, ಜಾರಿದಾಗ ಅದರಲ್ಲಿ ಒಂದಿಷ್ಟು ಗ್ರಾಫೈಟ್ ಆಯಿತು, ಹಾಗೆ ಆದ ಮೇಲೆ ಇನ್ನೂ ಸಲೀಸಾಗಿ ಜಾರಿತು ಅಂತ ಅಧ್ಯಯನ ಮಾಡಿದವರು ಹೇಳ್ತಾರೆ. ಎರಡೂ ಒಂದರ ಕೈ ಇನ್ನೊಂದು ಹಿಡಿದು ನಡೆದವು.

ಇನ್ನೊಂದು ವಿಚಿತ್ರ ಕೇಳ್ರಿ. ಗ್ರಾಫೈಟ್ ಜಾಸ್ತಿ ಇದ್ದರೆ ಭೂಕಂಪ ಜಾಸ್ತಿ ಅಂದುಕೊಂಡರೆ ಅದೂ ತಪ್ಪು. ಬಹಳ ಜಾರುವ ಪದರ ಒತ್ತಡವನ್ನು ಕೂಡಿಟ್ಟುಕೊಳ್ಳೋದೇ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಸರಿದುಬಿಡ್ತದ, ಸದ್ದಿಲ್ಲದೆ. ಅಪಾಯ ಇರೋದು ಗಟ್ಟಿಯೂ ಮೆತ್ತಗಿನದೂ ಬೆರೆತ ಕಡೆ. ಕಲ್ಲಿನ ಪುಡಿಗೆ ಗ್ರಾಫೈಟ್ ಬೆರೆಸಿ ಅಳೆದವರು ಹೇಳೋದು ಇದು: ನೂರಕ್ಕೆ ಹತ್ತಿಪ್ಪತ್ತು ಪಾಲು ಬೆರೆತಾಗಲೇ ಹಿಡಿತ ಇಳೀಲಿಕ್ಕೆ ಹತ್ತುತ್ತದೆ, ಅರ್ಧ ಆಗೋ ಹೊತ್ತಿಗೆ ಪೂರ್ತಿ ಗ್ರಾಫೈಟಿನಂತೆಯೇ ಜಾರ್ತದ. ಎಷ್ಟಿದೆ ಅನ್ನೋದಕ್ಕಿಂತ ಹೇಗೆ ಹರಡಿದೆ ಅನ್ನೋದು ಮುಖ್ಯ. ಮುದ್ದೆಯಾಗಿ ಒಂದು ಮೂಲೆಯಲ್ಲಿದ್ದರೆ ಏನೂ ಆಗೋದಿಲ್ಲ. ರೊಟ್ಟಿಗೆ ಬೆಣ್ಣೆ ಸವರಿದಂಗೆ ಉದ್ದಕ್ಕೂ ಹರಡಿಕೊಂಡರೆ ಇಡೀ ಬಂಡೆಯ ಹಿಡಿತ ತಪ್ಪಿತು.

ನಮ್ಮ ನೆಲದಲ್ಲಿ ಏನಿದೆ? ತಾಂಡೂರು, ಶಹಾಬಾದ್, ಸೇಡಂ ಕಡೆಯ ಸುಣ್ಣದಕಲ್ಲು ಭೀಮಾ ಕೊಳ್ಳದ್ದು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಸಮುದ್ರ ಇತ್ತು, ಅದರ ತಳದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಪದರ ಇರೋದರಿಂದಲೇ ಛೇಣಿ ಹೊಡೆದರೆ ಪರಸಿ ಏಳ್ತದ. ಪದರಗಳ ನಡುವೆ ತೆಳ್ಳಗೆ ಜೇಡಿ ಇರ್ತದ. ಆಮೇಲೆ ಬಹಳ ತಡವಾಗಿ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ಮೇಲೆ ಲಾವಾ ಹರಿದು ದಖನ್ನಿನ ಕರಿಕಲ್ಲು ಆಯಿತು. ನಮ್ಮ ಎರಿ ಹೊಲ ಅದರ ಮಣ್ಣು.

ಈ ಕೊಳ್ಳದಲ್ಲೂ ಸ್ತರಭಂಗಗಳಿವೆ. ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿ ಹತ್ತಿರ ಒಂದು ಹಾದುಹೋಗಿದೆ. ಬೇರೆ ಕಡೆ ಚಾಪೆ ಹಾಸಿದಂತೆ ಮಲಗಿರೋ ಸುಣ್ಣದಕಲ್ಲು ಅಲ್ಲಿ ವಾಲಿದೆ, ಒಡೆದು ಚೂರಾಗಿದೆ, ಗ್ರಾನೈಟ್ ಅದರ ಪಕ್ಕಕ್ಕೆ ಬಂದು ನಿಂತಿದೆ. ಆ ಒಡಕಿನಲ್ಲಿ ಯುರೇನಿಯಂ ಸಿಕ್ಕಿದ್ದು ನೀವು ಕೇಳಿರಬಹುದು. ಅಲ್ಲಿ ಸಾವಯವ ಇಂಗಾಲದ ಅಂಶವೂ ಇದೆ. ನೀರಿನಲ್ಲಿ ಕರಗಿ ಬಂದ ಯುರೇನಿಯಂ ಇಂಗಾಲ, ಗಂಧಕದ ಖನಿಜ ಇರೋ ಕಡೆ ತಳ ಕಂಡು ಕೂಡ್ತದ. ಇಂಗಾಲ ಬರೀ ಜಾರಿಸೋದಿಲ್ಲ, ಹಿಡಿದೂ ಇಡ್ತದ ಅನ್ನೋದಕ್ಕೆ ಇದು ಹತ್ತಿರದ ಉದಾಹರಣೆ.

ನಮ್ಮ ಯಾಲಾಲ್ ಕಡೆಯ ಖಣಿಗಳಲ್ಲಿ ಪದರಗಳ ನಡುವೆ ಹೆಚ್ಚಾಗಿ ಇರೋದು ಜೇಡಿ. ನಮ್ಮ ಕಾಕಾ ‘ಕರಿ ಪದರ’ ಅಂದದ್ದು ಅದನ್ನೇ ಇರಬೇಕು. ಆದರೆ ನಿಯಮ ಒಂದೇ. ಒಂದು: ಗಟ್ಟಿ ಕಲ್ಲುಗಳ ನಡುವೆ ಒಂದು ಬೆರಳಿನಷ್ಟು ಮೆತ್ತನೆ ಪದರ ಸಾಕು. ಎರಡು: ಪದರ ಉದ್ದಕ್ಕೂ ಹರಡಿರಬೇಕು. ಮೂರು: ಕಲ್ಲು ವಾಲಿರಬೇಕು. ನಾಲ್ಕು: ನೀರು ಬರಬೇಕು. ನೀರು ಜೇಡಿಯನ್ನು ಮೆತ್ತಗೆ ಮಾಡ್ತದ, ಅಷ್ಟೇ ಅಲ್ಲ, ಬಿರುಕಿನಲ್ಲಿ ತುಂಬಿಕೊಂಡು ಮೇಲಿನ ಬಂಡೆಯನ್ನು ಒಳಗಿಂದ ಎತ್ತುತ್ತದೆ. ಭಾರ ಕಡಿಮೆಯಾದಷ್ಟು ಹಿಡಿತ ಕಡಿಮೆ. “ನಿನ್ನೆ ನಿಂತಿತ್ತು, ಇವತ್ತು ನಿಲ್ಲಂಗಿಲ್ಲೇನು?” ಅಂದ ಮೇಸ್ತ್ರಿಗೆ ಉತ್ತರ ಇದು. ನಿನ್ನೆ ಮಳೆ ಬಂದಿರಲಿಲ್ಲ.

ಕಾಕಾಗೆ ಇದು ಗೊತ್ತಿತ್ತು. ಘರ್ಷಣಾಂಕ ಅನ್ನೋ ಪದ ಗೊತ್ತಿರಲಿಲ್ಲ, ಆದರೆ ಹಾರಿಯ ಸಪ್ಪಳ ಗೊತ್ತಿತ್ತು. ಗೊತ್ತಿದ್ದವನ ಮಾತು ನಡೆಯಲಿಲ್ಲ. ಅವನನ್ನು ಕೊಂದದ್ದು ಹಣೆಬರಹ ಅಲ್ಲ ಅಂತ ನಾನು ಹೇಳೋದು ಇದಕ್ಕೇ.

ಕಿಲ್ಲಾರಿಯಲ್ಲೂ ಜನರನ್ನು ಕೊಂದದ್ದು ನೆಲ ಅಲ್ಲ, ಮನೆ. ದಪ್ಪ ಕಲ್ಲಿನ ಗೋಡೆ, ನಡುವೆ ಸಿಮೆಂಟಿಲ್ಲ, ಬರೀ ಮಣ್ಣು. ಮೇಲೆ ಕಟ್ಟಿಗೆ ತೊಲೆ, ಅದರ ಮೇಲೆ ಮೊಳ ದಪ್ಪ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು. ಗೋಡೆಯ ಒಳಮೈ ಹೊರಮೈ ಎರಡನ್ನೂ ಕೂಡಿಸೋ ಉದ್ದ ಕಲ್ಲು ಇರಲಿಲ್ಲ. ನೆಲ ನಡುಗಿದಾಗ ಗೋಡೆ ಎರಡು ಹೋಳಾಗಿ ಬಿಚ್ಚಿಕೊಂಡಿತು, ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಬಿತ್ತು. ಹುಲ್ಲಿನ ಗುಡಿಸಲಲ್ಲಿ ಇದ್ದವರು ಎಷ್ಟೋ ಕಡೆ ಬದುಕಿಕೊಂಡರು. ಅಂಥ ಮಾಳಿಗೆ ಮನೆಗಳು ನಮ್ಮಲ್ಲಿ ಇನ್ನೂ ಅದಾವ. ಸಂಜೆ ಮನೆಗೆ ಹೋಗಿ ತಲೆ ಎತ್ತಿ ನೋಡ್ರಿ.

ಬಾಬಾಸಾಹೇಬರ ಒಂದು ಕೆಲಸ ನೆನಪಿಸ್ತೀನಿ. ಅವರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ತಿದ್ದರು. 1943ರ ಡಿಸೆಂಬರದಲ್ಲಿ ಧನಬಾದಿನ ಕಲ್ಲಿದ್ದಲು ಗಣಿಗೆ ಹೋದರು. ಆಫೀಸಿನಲ್ಲಿ ಕೂತು ವರದಿ ತರಿಸಿಕೊಳ್ಳಬಹುದಿತ್ತು. ಅವರು ಗಣಿಯ ಒಳಗೆ ಇಳಿದು, ಕೆಲಸ ಹೇಗೆ ನಡೀತದ ನೋಡಿದರು, ಕಾರ್ಮಿಕರ ಮನೆಗಳನ್ನು ನೋಡಿದರು. ಮರುವರ್ಷ ಕಲ್ಲಿದ್ದಲು ಗಣಿ ಕಾರ್ಮಿಕರಿಗೆ ಕಲ್ಯಾಣ ನಿಧಿ ಬಂತು. ಅವರ ಫೋಟೋಕ್ಕೆ ಹಾರ ಹಾಕುವಾಗ ಅವರು ಗಣಿಗೆ ಇಳಿದದ್ದೂ ನಮಗೆ ನೆನಪಿರಲಿ.

ಕೋಲಾರದ ಚಿನ್ನದ ಗಣಿಯೂ ನಮ್ಮವರ ಬೆವರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ದುಡಿದವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಯಿಂದ ಬಂದ ದಲಿತರು. ಅಯೋಥಿ ದಾಸರ ಬೌದ್ಧ ಚಳವಳಿ ಅಲ್ಲಿ ಬೇರು ಬಿಟ್ಟಿತ್ತು. ಆ ಆಳದಲ್ಲಿ ಕಲ್ಲಿನ ಮೇಲೆ ಎಷ್ಟು ಒತ್ತಡ ಅಂದರೆ, ಹಿಡಿತ ತಪ್ಪಿದ ಕೂಡಲೇ ಬಾಂಬಿನಂತೆ ಸಿಡೀತಿತ್ತು. ಊರ ಮೇಲಿನ ಮನೆಗಳೂ ನಡುಗುತ್ತಿದ್ದವು. ಆ ಸಿಡಿತಗಳನ್ನು ಅಳೆಯೋ ಕೆಲಸದಿಂದಲೇ ಅಲ್ಲಿ ಶಿಲಾಬಲ ವಿಜ್ಞಾನ ಬೆಳೆಯಿತು, 1988ರಲ್ಲಿ ಅದರ ರಾಷ್ಟ್ರೀಯ ಸಂಸ್ಥೆಯೇ ಅಲ್ಲಿ ಶುರುವಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಠ ಕಲಿಸಿದ್ದು ಅವರ ಸಾವು, ಕಲಿತವರು ಬೇರೆಯವರು. ಈ ಲೆಕ್ಕ ತಿರುಗಬೇಕು. ನಮ್ಮ ಹುಡುಗ ಹುಡುಗಿಯರು ಭೂವಿಜ್ಞಾನ ಓದಬೇಕು, ಗಣಿ ಸುರಕ್ಷಾ ಅಧಿಕಾರಿ ಆಗಬೇಕು.

ಓದು ಮುಗಿಯೋವರೆಗೆ ಕಾಯಬೇಕಿಲ್ಲ. ಸಂಘ ಈ ವರ್ಷ ಮಾಡಬಹುದಾದ ನಾಲ್ಕು ಕೆಲಸ ಹೇಳ್ತೀನಿ.

ಮೊದಲನೆಯದು: ಖಣಿಗೆ ಹೋಗೋ ಪ್ರತಿಯೊಬ್ಬರ ಹೆಸರು ಹಾಜರಿಯಲ್ಲಿ ಇದೆಯೇನು ನೋಡ್ರಿ. ಸಂಘದಲ್ಲೂ ಒಂದು ವಹ ಇಡ್ರಿ: ಯಾರು, ಯಾವ ಖಣಿ, ಯಾವ ತಾರೀಖು, ಕೂಲಿ ಎಷ್ಟು. ಕೆಲಸದಲ್ಲಿ ಸತ್ತರೆ, ಅಂಗ ಊನವಾದರೆ ಪರಿಹಾರ ಕೊಡಬೇಕು ಅನ್ನೋ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂದಿದೆ. ದುಡಿದದ್ದಕ್ಕೆ ಪುರಾವೆ ಇಲ್ಲದ ಕಾರಣ ನಮ್ಮ ಕಾಕಿಗೆ ಅದು ಸಿಗಲಿಲ್ಲ.

ಎರಡನೆಯದು: ಮಳೆ ಬಂದ ಮರುದಿನ ವಾಲಿದ ಕಲ್ಲಿನ ಕೆಳಗೆ ಇಳಿಯಬೇಡ್ರಿ. ಹಳೇ ಕೈಯವರು ಹಾರಿ ಹಾಕಿ ಸಪ್ಪಳ ಕೇಳಿದ ಮೇಲೇ ಕೆಲಸ. ಒಬ್ಬರು ಬೇಡ ಅಂದರೆ ಹತ್ತೂ ಜನ ನಿಲ್ಲಬೇಕು. ಒಬ್ಬನೇ ನಿಂತರೆ ಕೂಲಿ ಕಳಕೊಳ್ತಾನೆ, ಎಲ್ಲರೂ ನಿಂತರೆ ಮೇಸ್ತ್ರಿ ನಿಲ್ತಾನೆ.

ಮೂರನೆಯದು: ಮಾಳಿಗೆ ಮನೆಗಳ ಪಟ್ಟಿ ಮಾಡ್ರಿ. ವರ್ಷಾವರ್ಷಾ ಸೋರ್ತದಂತ ಮಣ್ಣು ಹೇರಿ ಹೇರಿ ದಪ್ಪ ಮಾಡಿದ್ದೀವಿ, ಅದನ್ನು ಇಳಿಸ್ರಿ. ಹೊಸ ಗೋಡೆ ಕಟ್ಟುವಾಗ ಗೋಡೆಯ ಎರಡೂ ಮೈ ಹಿಡಿಯೋ ಉದ್ದ ಕಲ್ಲು ಅಲ್ಲಲ್ಲಿ ಹಾಕಿಸ್ರಿ, ಬಾಗಿಲ ಮಟ್ಟದಲ್ಲಿ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸ್ರಿ. ಖರ್ಚು ಹೆಚ್ಚೇನಿಲ್ಲ.

ನಾಲ್ಕನೆಯದು ಮಕ್ಕಳಿಗೆ. ಎರಡು ಪರಸಿ ತುಂಡು ತಗೊಳ್ರಿ. ಒಣಗಿದ್ದಾಗ ಎಷ್ಟು ಎತ್ತಿದರೆ ಜಾರ್ತದ ಅಳೀರಿ. ನಡುವೆ ಹಸಿ ಜೇಡಿ ಸವರಿ ಅಳೀರಿ. ತೊಳೆದು ಒಣಗಿಸಿ, ಪೆನ್ಸಿಲ್ ಪುಡಿ ಹಾಕಿ ಅಳೀರಿ. ಪಾಟಿ ಮೇಲೆ ಮೂರು ಅಂಕಿ ಬರೀರಿ. ಮುಂದಿನ ವಾರ್ಷಿಕೋತ್ಸವಕ್ಕೆ ಆ ಪಾಟಿ ಹಿಡಿದು ಈ ವೇದಿಕೆ ಮೇಲೆ ನೀವು ಮಾತಾಡ್ರಿ, ನಾನು ಕೆಳಗೆ ಕೂತು ಕೇಳ್ತೀನಿ.

1956ರ ನವೆಂಬರ್ 1ಕ್ಕೆ ಮುಂಚೆ ನಮ್ಮ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಈಗ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಖಣಿಯಲ್ಲಿ ಉರ್ದು ಬೆರೆತ ಮಾತು. ಈ ವಿಷಯವನ್ನು ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಕಾರಣ ನಮ್ಮ ಕಾಕಿ. ಆಕೆ ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಇಷ್ಟು ವರ್ಷ ಆಕೆ “ಹಣೆಬರಹ” ಅನ್ನುತ್ತಿದ್ದಳು. ಭಾಷಣಕ್ಕೆ ಮುಂಚೆ ಮನೆಯಲ್ಲಿ ಆಕೆಯ ಎದುರು ಎರಡು ಕಲ್ಲು ಇಟ್ಟು, ಜೇಡಿ ಸವರಿ, ಎತ್ತಿ ತೋರಿಸಿದೆ. ಸುಮ್ಮನೆ ನೋಡಿದಳು. ಆಮೇಲೆ, “ಅಂದ್ರ ಅಂವ ಹೇಳಿದ್ದು ಖರೆ ಇತ್ತಲ್ಲಪ್ಪಾ” ಅಂದಳು.

ಹೌದು ಕಾಕಿ, ಖರೆ ಇತ್ತು.

ಜೈ ಭೀಮ್.